ಅರ್ಧ ಬೆರಳು

ಬದ್ರಿಯಾ ಬಂದದ್ದು ಅಸರ್ ಬಾಂಗು ಮುಗಿದ ಮೇಲೆ,
ಹಾಳೆಯನ್ನು ಎದೆಗವಚಿಕೊಂಡು.
"ಗಾಜು ಹೊಳೆಯಬಾರದು, ಚೌಕಟ್ಟು ತೆಳ್ಳಗಿರಲಿ,
ಈ ಮೂಲೆಯ ಕಲೆ ಮಾತ್ರ
ಮೌಂಟಿನಡಿ ಹೋಗಲಿ."

ಮುಹರಕ್ಕಿನ ಈ ಗಲ್ಲಿಯಲ್ಲಿ ಒಂಬತ್ತು ವರ್ಷದಿಂದ
ಕುದುರೆ, ದೋಣಿ, ಮದುವೆ, ಆಯತುಲ್ ಕುರ್ಸಿ,
ಎಲ್ಲಕ್ಕೂ ಅಂಚು ಕಟ್ಟಿದವನು ನಾನು.
ಚಿತ್ರ ನೋಡುವುದಿಲ್ಲ; ಅಳತೆ ನೋಡುತ್ತೇನೆ.

ಆದರೆ ಇದು
ಸೇತುವೆಯಾಚೆಯ ನೀರಿನ ಕಾರ್ಖಾನೆ.
ನಿಂತುಹೋದದ್ದು. ಮೂರು ಚಿಮಣಿ, ಹೊಟ್ಟೆ ಸೀಳಿದ ಬಾಯ್ಲರು,
ಕಡಲಿಗೆ ಮೂತಿಯಿಟ್ಟು ಮಲಗಿದ ಹೀರುಕೊಳವೆ.
ತುಕ್ಕನ್ನು ಎಷ್ಟು ಚೆಂದ ಮಾಡಿದ್ದಾಳೆಂದರೆ
ಕಳಿತ ಗೇರುಹಣ್ಣು, ಕಚ್ಚಬಹುದು.
ನನ್ನ ಅಂಗೈಗೆ ಗೊತ್ತಿರುವ ತುಕ್ಕು ಬೇರೆ:
ಅದು ಚಕ್ಕೆ ಚಕ್ಕೆಯಾಗಿ ಕಣ್ಣಿಗೆ ಬೀಳುತ್ತಿತ್ತು,
ರಾತ್ರಿ ದಿಂಬಿನ ಮೇಲೂ ಇರುತ್ತಿತ್ತು.

"ಏಣಿ ಆ ಕಡೆ ಇತ್ತು," ಅಂದೆ, ಬಾಯಿ ಜಾರಿ.
"ಅಲ್ಲಿ ನನಗೆ ಬೆಳಕು ಬೇಕಿತ್ತು," ಅಂದಳು, ಸಿಟ್ಟಿಲ್ಲದೆ.
ಬಿಳಿ ಬಣ್ಣ ಅವಳು ಬಳಸುವುದೇ ಇಲ್ಲವಂತೆ,
ಬಿಳಿ ಬೇಕಾದಲ್ಲಿ ಕಾಗದವನ್ನು ಮುಟ್ಟದೆ ಬಿಡುವುದಂತೆ.
ನಾನು ತಲೆಯಾಡಿಸಿದೆ.
ಏಳು ವರ್ಷ ನಾವು ಹತ್ತಿಳಿದ ಜಾಗ
ಮುಟ್ಟದೆ ಬಿಟ್ಟ ಕಾಗದವಾಗಿ ಬೆಳಗುತ್ತಿತ್ತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು, ಗಾದೆ.
ಉಪ್ಪು ತೆಗೆದವನಿಗೆ ಗಾದೆಯಿಲ್ಲ.
ಕಡಲನ್ನು ಕುದಿಸಿ, ಹಬೆ ಹಿಡಿದು, ತಣಿಸಿ
ಊರಿಗೆಲ್ಲ ಕಳಿಸುತ್ತಿದ್ದೆವು ಆ ರುಚಿಯಿಲ್ಲದ ನೀರು;
ಪಂಪಿನ ಸದ್ದಿನ ಮೇಲೆ ಗುಲ್ ಜಮಾನ್ ಕೂಗುತ್ತಿದ್ದ,
"ಇದು ಮೋಡದ ಕೆಲಸ ಕಣೋ,
ಅದಕ್ಕೂ ಓವರ್‌ಟೈಮ್ ಇಲ್ಲ!"
ಇವಳು ಕುಂಚ ಅದ್ದಿದ ನೀರೂ ಅಲ್ಲಿಯದೇ ಇರಬೇಕು ಅಂದುಕೊಂಡೆ.
ಆಮೇಲೆ ನೆನಪಾಯಿತು, ನಿಂತು ಒಂಬತ್ತು ವರ್ಷ.

ಇನ್ನು ಆ ಕಲೆ.
ಬಲಮೂಲೆಯಲ್ಲಿ, ಗೇಟಿನ ಒಳಗೆ, ನೀಲಿ.
ಗಾಳಿಗೆ ಕುಂಚದಿಂದ ಹನಿ ಬಿತ್ತು, ಅಂದಳು,
ಒರೆಸಿದಷ್ಟೂ ಹರಡಿತು.

ಕಡಲ ನೀರಿನ ಕೊಳವೆಗೆ ನಾವು ಹಸಿರು ಬಳಿಯುತ್ತಿದ್ದೆವು,
ಸಿಹಿನೀರಿನದಕ್ಕೆ ನೀಲಿ.
ಮಿಕ್ಕ ನೀಲಿಯನ್ನು ಇದ್ದಿನಬ್ಬ ತನ್ನ ತಗಡಿನ ಗೂಡಿಗೆ ಹೊಡೆದಿದ್ದ,
ಅಲ್ಲೇ, ಗೇಟಿನ ಒಳಗೆ, ಬಲಮೂಲೆ.
ವಾರವಿಡೀ ವಾಲ್ವು ತಿರುಗಿಸುವವನು, ಗುರುವಾರ ಸಂಜೆ ಕ್ಷೌರಿಕ:
ಕೊಳವೆಗೆ ಕನ್ನಡಿ ಕಟ್ಟಿ, ಬೋರಲು ಡಬ್ಬದ ಮೇಲೆ ಕೂರಿಸಿ
ಬಂಗಾಳಿ, ಪಠಾಣ, ಸಿಂಹಳ, ಉಪ್ಪುಂದದ ನಾನು,
ಎಲ್ಲರ ಕಿವಿ ಮಡಚಿ ಬೈಯುತ್ತಿದ್ದ ಒಂದೇ ಬ್ಯಾರಿ ಭಾಷೆಯಲ್ಲಿ.
ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಸುದ್ದಿ ತೆಗೆದುಕೊಳ್ಳುತ್ತಿದ್ದ.
ಯಾರಿಗೆ ಮಗು ಹುಟ್ಟಿತು, ಯಾರ ವೀಸಾ ಮುಗಿಯಿತು,
ಮೊದಲು ಗೊತ್ತಾಗುತ್ತಿದ್ದದ್ದು ಅವನ ಕತ್ತರಿಗೆ.

ಗೇಟಿಗೆ ಬೀಗ ಬಿದ್ದ ದಿನ
ನನ್ನ ಕೂದಲು ಅರ್ಧ ಮುಗಿದಿತ್ತು.
ಬಸ್ಸು ಹಾರ್ನು ಹೊಡೆಯಿತು.
ಉಳಿದರ್ಧವನ್ನು ಮನಾಮದಲ್ಲಿ ಯಾರೋ ಕತ್ತರಿಸಿದರು,
ಮಾತಾಡದೆ, ಆರುನೂರು ಫಿಲ್ಸ್.
ಇದ್ದಿನಬ್ಬನ ನಂಬರು ಈಗ ಒಬ್ಬ ಹೆಂಗಸಿನದು.
ನಾನು ಫೋನು ಮಾಡಿದರೆ ಅವಳಿಗೆ ಸಿಟ್ಟು ಬರುತ್ತದೆ.

ಬ್ಲೇಡು ಓರೆ ಹಿಡಿದೆ.
ಪೆನ್ಸಿಲ್ ಗೆರೆ ಬದ್ರಿಯಾ ಹೇಳಿದಲ್ಲೇ ಇತ್ತು.
ಮೌಂಟು ನುಂಗುವುದು ಅರ್ಧ ಬೆರಳು.
ಎರಡು ಸಲ ಅಳೆದೆ; ಗಿರಾಕಿಯ ಮಾತು ಮಾತೇ.
ಮೂರನೇ ಸಲ ಅಳೆಯಲಿಲ್ಲ.

ಶನಿವಾರ ಬಂದಳು. ಗೋಡೆಗೊರಗಿಸಿ, ಹಿಂದೆ ಸರಿದು ನೋಡಿದಳು.
ಕಣ್ಣು ಆ ಮೂಲೆಯಲ್ಲಿ ತುಸು ನಿಂತಿತು.
ಹನ್ನೆರಡು ದಿನಾರ್, ಅಂದೆ.
ಹತ್ತು, ಅಂದಳು, ಕಲೆ ಕಾಣಿಸುತ್ತಿದೆ.
ಆಯಿತು, ಅಂದೆ.